ಅಟ್ಟದ ಮೇಲಿನ ಬಂಡವಾಳ: ಸಣ್ಣ ಉದ್ಯಮಕ್ಕೆ ಹೂಡಿಕೆದಾರರ ಹುಡುಕಾಟ

ಅರಸೀಕೆರೆ ಸೀಮೆಯ ಉಂಡೆ ಕೊಬ್ಬರಿಯ ವ್ಯವಹಾರ ಬಲ್ಲವರಿಗೆ, ಸಣ್ಣ ಉದ್ಯಮಕ್ಕೆ ಹಣ ಹೊಂದಿಸುವಾಗ ಎಷ್ಟು ಹಣ ಬೇಕೆಂಬ ಲೆಕ್ಕಕ್ಕಿಂತ ಹಾಕಿದ ಹಣ ಎಷ್ಟು ಕಾಲಕ್ಕೆ ತಿರುಗಿ ಕೈಸೇರುತ್ತದೆ ಎಂಬ ಲೆಕ್ಕವೇ ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕಿ, ಗಾಳಿಯಾಡುವಂತೆ ಹರವಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಕಾದ ಮೇಲೆ ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟವನ್ನು ಬಿಟ್ಟುಕೊಂಡು, ಕಾಯಿಯನ್ನು ಅಲುಗಿಸಿದರೆ ಗಡಗಡ ಸದ್ದು ಕೇಳುವ ಹೊತ್ತಿಗೆ ಕೊಬ್ಬರಿ ಸಿದ್ಧವಾಗುತ್ತದೆ. ಆ ಬಳಿಕ ಸಿಪ್ಪೆ ಸುಲಿದು, ಕರಟ ಒಡೆದು, ಉಂಡೆಯನ್ನು ಒಡೆಯದಂತೆ ಹೊರತೆಗೆದು, ಚೀಲ ತುಂಬಿ ಕೃಷಿ ಉತ್ಪನ್ನ ಮಾರುಕಟ್ಟೆಗೆ ಒಯ್ದು, ಅಲ್ಲಿ ವರ್ತಕರು ಟೆಂಡರು ಹಾಕಿ ದರ ನಿಂತ ಮೇಲಷ್ಟೇ ರೂಪಾಯಿಯ ಮುಖ ಕಾಣಬಹುದು. ಅಷ್ಟು ಕಾಲವೂ ಅಟ್ಟದ ಮೇಲಿರುವುದು ಕಾಯಿಯಾದರೂ ವ್ಯವಹಾರದ ಲೆಕ್ಕದಲ್ಲಿ ಅದು ಬಂಡವಾಳ. ಬಡ್ಡಿಗೆ ತಂದ ಹಣದಿಂದ ಕೊಂಡದ್ದಾಗಿದ್ದರೆ ತಿಂಗಳು ತಿಂಗಳೂ ಬೆಳೆಯುವ ಹೊರೆ. ಇಂತಹ ಉದ್ಯಮಕ್ಕೆ ತಿಂಗಳ ಕಂತು ಕೇಳುವ ಸಾಲ ಹೊಂದುವುದಿಲ್ಲವೆಂಬುದು ಯಾವ ಅರ್ಥಶಾಸ್ತ್ರದ ನೆರವಿಲ್ಲದೆಯೂ ತಿಳಿಯುತ್ತದೆ. ಆದರೂ ಬಹಳಷ್ಟು ಸಣ್ಣ ಉದ್ಯಮಗಳು ಎಡವುವುದು ಇಲ್ಲಿಯೇ.

ಕಾಲದ ಜೊತೆಗೆ ದರವೂ ಸೇರಿಕೊಳ್ಳುತ್ತದೆ. 2023ರಲ್ಲಿ ಈ ಭಾಗದ ಮಾರುಕಟ್ಟೆಗಳಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿ ಎಂಟು ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದು, ಬೆಳೆಗಾರರು ಬೆಂಬಲ ಬೆಲೆಯ ಖರೀದಿ ಕೇಂದ್ರಗಳನ್ನು ತೆರೆಯುವಂತೆ ಬೀದಿಗಿಳಿದಿದ್ದರು. ಕೇಂದ್ರ ಸರ್ಕಾರ 2024ರ ಹಂಗಾಮಿಗೆ 12,000 ರೂಪಾಯಿ, 2025ಕ್ಕೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತು. ಅದೇ 2025ರಲ್ಲಿ ಕಾಯಿಯ ಕೊರತೆಯಿಂದ ಮಾರುಕಟ್ಟೆ ದರ 20,000 ರೂಪಾಯಿಯನ್ನೂ ದಾಟಿ ಮೇಲೇರಿತು. ಎರಡು ವರ್ಷಗಳ ಅಂತರದಲ್ಲಿ ಇಷ್ಟು ಏರಿಳಿಯುವ ಸರಕನ್ನು ನಂಬಿ ಕೊಬ್ಬರಿ ಎಣ್ಣೆಯ ಘಟಕವನ್ನೋ, ತೆಂಗಿನ ನಾರಿನ ಘಟಕವನ್ನೋ, ಕರಟದ ಇದ್ದಿಲಿನ ಘಟಕವನ್ನೋ ಹೂಡುವವರು ಎಂತಹ ಹಣವನ್ನು ಯಾರಿಂದ ಪಡೆಯಬೇಕು ಎಂಬುದು ಅರಸೀಕೆರೆಗೆ ಮಾತ್ರವಲ್ಲ, ಕಾಫಿಯ ಬೇಲೂರಿಗೂ ಪ್ರವಾಸಿಗರ ಹಳೇಬೀಡಿಗೂ ಸಲ್ಲುವ ಪ್ರಶ್ನೆ.

ಉದ್ಯಮಕ್ಕೆ ಹೊರಗಿನಿಂದ ಬರುವ ಹಣ ಮೂಲತಃ ಎರಡೇ ಬಗೆ. ಮೊದಲನೆಯದು ಸಾಲ: ಲಾಭವಾಗಲಿ ನಷ್ಟವಾಗಲಿ ಹೇಳಿದ ದಿನಕ್ಕೆ ಅಸಲನ್ನೂ ಬಡ್ಡಿಯನ್ನೂ ತೀರಿಸಬೇಕು, ತೀರಿಸಿದ ಮೇಲೆ ಕೊಟ್ಟವನಿಗೂ ಉದ್ಯಮಕ್ಕೂ ಸಂಬಂಧವಿಲ್ಲ. ಎರಡನೆಯದು ಪಾಲು, ಎಂದರೆ ಷೇರು ಬಂಡವಾಳ: ಲಾಭ ಬಂದರೆ ಅದರಲ್ಲಿ ಭಾಗ, ನಷ್ಟವಾದರೆ ಅದರಲ್ಲಿಯೂ ಭಾಗ, ಹಿಂತಿರುಗಿಸುವ ಗಡುವಿಲ್ಲ, ಆದರೆ ಕೊಟ್ಟವನು ಉದ್ಯಮದ ಒಡೆಯರಲ್ಲಿ ಒಬ್ಬನಾಗುತ್ತಾನೆ. ಹೂಡಿಕೆದಾರನೆಂಬ ಮಾತು ಸರಿಯಾಗಿ ಅನ್ವಯಿಸುವುದು ಈ ಎರಡನೆಯವನಿಗೆ ಮಾತ್ರ. ನಮ್ಮ ಊರುಗಳಲ್ಲಿ ಕೈಸಾಲ ಕೊಟ್ಟವನನ್ನೂ ‘ಬಂಡವಾಳ ಹಾಕಿದವನು’ ಎಂದೇ ಕರೆಯುವ ರೂಢಿಯಿಂದ ಮುಂದೆ ಜಗಳಗಳು ಹುಟ್ಟುತ್ತವೆ, ಏಕೆಂದರೆ ಲಾಭದ ವರ್ಷದಲ್ಲಿ ಅವನು ಪಾಲು ಕೇಳುತ್ತಾನೆ, ನಷ್ಟದ ವರ್ಷದಲ್ಲಿ ಬಡ್ಡಿ ಕೇಳುತ್ತಾನೆ.

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಎಣ್ಣೆ ಘಟಕವನ್ನು ತೆಗೆದುಕೊಳ್ಳಬಹುದು. ಒಡೆಯನ ಯಂತ್ರ, ಶೆಡ್ಡು, ಈಗಾಗಲೇ ಸಂಪಾದಿಸಿರುವ ಗಿರಾಕಿಗಳು ಎಲ್ಲ ಸೇರಿ ಉದ್ಯಮಕ್ಕೆ 24 ಲಕ್ಷ ರೂಪಾಯಿ ಬೆಲೆಯೆಂದು ಇಬ್ಬರೂ ಒಪ್ಪಿದರೆ, ಹೊಸಬನು 6 ಲಕ್ಷ ತಂದಾಗ ಒಟ್ಟು ಮೌಲ್ಯ 30 ಲಕ್ಷವಾಗಿ ಅವನ ಪಾಲು ನೂರಕ್ಕೆ 20 ಆಗುತ್ತದೆ. ವರ್ಷಕ್ಕೆ 4 ಲಕ್ಷ ಲಾಭ ಬಂದು ಅದನ್ನೆಲ್ಲ ಹಂಚಿದರೆ ಅವನಿಗೆ ಸಲ್ಲುವುದು 80,000 ರೂಪಾಯಿ. ಅದೇ 6 ಲಕ್ಷವನ್ನು ನೂರಕ್ಕೆ 11ರ ಬಡ್ಡಿಗೆ ಬ್ಯಾಂಕಿನಿಂದ ತಂದಿದ್ದರೆ ವರ್ಷದ ಬಡ್ಡಿ 66,000 ರೂಪಾಯಿ. ಮೇಲ್ನೋಟಕ್ಕೆ ಬ್ಯಾಂಕೇ ಅಗ್ಗ, ಮತ್ತು ಲಾಭ ಹೆಚ್ಚಿದಷ್ಟೂ ಅದು ಇನ್ನೂ ಅಗ್ಗ. ಆದರೆ ಕಾಯಿ ಸಿಗದ ವರ್ಷದಲ್ಲಿ ಲಾಭ ಶೂನ್ಯವಾದರೆ ಪಾಲುದಾರನಿಗೆ ಕೊಡಬೇಕಾದದ್ದೂ ಶೂನ್ಯ. ಬ್ಯಾಂಕಿಗೆ ಮಾತ್ರ ಬಡ್ಡಿಯೂ ಅಸಲಿನ ಕಂತೂ ಹೋಗಲೇಬೇಕು, ತಪ್ಪಿದರೆ ಅಡಮಾನದ ಆಸ್ತಿಯ ಮಾತು ಬರುತ್ತದೆ. ಪಾಲಿನ ಹಣ ದುಬಾರಿಯಾಗಿರುವುದು ಈ ಸಹನೆಯ ಬೆಲೆಗಾಗಿಯೇ. ಆದುದರಿಂದ ಖಚಿತವಾದ ಗಿರಾಕಿಯೂ ದರವೂ ಇರುವ ವ್ಯವಹಾರಕ್ಕೆ ಸಾಲವನ್ನೂ, ಫಲ ಬರುವುದು ತಡವಾಗುವ ಅಥವಾ ಬಾರದೆಯೇ ಹೋಗಬಹುದಾದ ಭಾಗಕ್ಕೆ ಪಾಲನ್ನೂ ಹುಡುಕುವುದು ವಿವೇಕ. ಇಡೀ ಉದ್ಯಮಕ್ಕೆ ಒಂದೇ ಬಗೆಯ ಹಣ ಹುಡುಕುವುದು ಬಹುತೇಕ ಯಾವಾಗಲೂ ತಪ್ಪು ಲೆಕ್ಕ.

ಹತ್ತು ಜನರ ಹಣವನ್ನು ಒಂದು ಕೆಲಸಕ್ಕೆ ಕೂಡಿಸುವುದು ಈ ನೆಲಕ್ಕೆ ಹೊಸತಲ್ಲ. ಹೊಯ್ಸಳರ ಕಾಲದ ಅರಸೀಕೆರೆಯ ಶಾಸನವೊಂದು ಹಡಗುಗಳಲ್ಲಿ ಕುದುರೆ, ಆನೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಶೆಟ್ಟಿಯನ್ನು ಹೊಗಳುತ್ತದೆ. ಐಹೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರು ಕನ್ನಡ ನಾಡಿನ ಉದ್ದಗಲಕ್ಕೂ ಶಾಸನಗಳಲ್ಲಿ ಕಾಣುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲ 1121ರ ಹೊತ್ತಿಗೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುತುವರ್ಜಿಯಲ್ಲಿ ಎದ್ದದ್ದು, ಅದರ ಹಿಂದೆ ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಸಿರಿವಂತರ ಹಣವೂ ಇತ್ತು. ಉದ್ಯಮದ ದೃಷ್ಟಿಯಿಂದ ಇದಕ್ಕಿಂತ ಸ್ವಾರಸ್ಯವಾದದ್ದು ದತ್ತಿಯ ಪದ್ಧತಿ: ನಂದಾದೀಪಕ್ಕೋ ನೈವೇದ್ಯಕ್ಕೋ ಇಷ್ಟು ಗದ್ಯಾಣ ಹೊನ್ನನ್ನು ಮಹಾಜನರ ಅಥವಾ ನಗರದ ವರ್ತಕರ ವಶಕ್ಕೆ ಕೊಟ್ಟು, ಅಸಲು ಹಾಗೆಯೇ ಉಳಿದು ಬಡ್ಡಿಯಿಂದ ಸೇವೆ ನಡೆಯಬೇಕೆಂದು ಕಲ್ಲಿನ ಮೇಲೆ ಬರೆಸುತ್ತಿದ್ದರು. ಕೊಟ್ಟವರು ಯಾರು, ಪಡೆದವರು ಯಾರು, ಮೊತ್ತವೆಷ್ಟು, ಅದರ ಫಲ ಯಾವುದಕ್ಕೆ ಸಲ್ಲಬೇಕು, ತಪ್ಪಿದವನ ಗತಿಯೇನು ಎಂಬಷ್ಟೂ ಆ ಬರಹದಲ್ಲಿ ಇರುತ್ತಿತ್ತು. ಇಂದು ಲಕ್ಷಾಂತರ ರೂಪಾಯಿಯ ಪಾಲುದಾರಿಕೆಗಳು ಒಂದು ಹಾಳೆಯ ಬರಹವೂ ಇಲ್ಲದೆ ಮಾತಿನ ಮೇಲೆಯೇ ಶುರುವಾಗುವುದನ್ನು ನೋಡಿದರೆ, ಹಿಂದಿನವರ ಎಚ್ಚರಕ್ಕೆ ತಲೆದೂಗಬೇಕಾಗುತ್ತದೆ.

ಸಣ್ಣ ಉದ್ಯಮದ ಮೊದಲ ಹೂಡಿಕೆದಾರರು ಎಲ್ಲೆಡೆಯೂ ಮನೆಯವರು ಮತ್ತು ನೆಂಟರು. ಅಣ್ಣತಮ್ಮಂದಿರ ಜಮೀನಿನ ಪಾಲು, ಭಾವಮೈದುನನ ನಿವೃತ್ತಿಯ ಹಣ, ಮನೆಯ ಹೆಂಗಸರ ಒಡವೆ, ಕೂಡಿಹಾಕಿದ ಚೀಟಿಯ ದುಡ್ಡು, ಇವೇ ಬಹುಪಾಲು ಅಂಗಡಿ ಕಾರ್ಖಾನೆಗಳ ಅಡಿಗಲ್ಲು. ಈ ಹಣ ಬರುವುದು ನಂಬಿಕೆಯ ಮೇಲಾದುದರಿಂದ ಕಾನೂನಿನ ಕಡೆ ಯಾರೂ ನೋಡುವುದಿಲ್ಲ, ಆದರೆ ಕಾನೂನು ಇವರ ಕಡೆ ನೋಡುತ್ತಲೇ ಇರುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದರೆ ಲಾಭವನ್ನು ಪಾಲುದಾರರೆಲ್ಲ ಸಮನಾಗಿ ಹಂಚಿಕೊಳ್ಳಬೇಕು. ಒಬ್ಬನು 8 ಲಕ್ಷ, ಇನ್ನೊಬ್ಬನು 2 ಲಕ್ಷ ಹಾಕಿದ್ದರೂ ಬರಹವಿಲ್ಲದ ಕಡೆ ಹಂಚಿಕೆ ಅರ್ಧರ್ಧವೇ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ತನಗೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಎಲ್ಲಕ್ಕಿಂತ ಗಂಭೀರವಾದದ್ದು ಹೊಣೆಗಾರಿಕೆಯ ವಿಷಯ: ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ತನ್ನ ಸ್ವಂತ ಆಸ್ತಿಯವರೆಗೂ ಹೊಣೆಯಾದುದರಿಂದ, 2 ಲಕ್ಷ ಹಾಕಿ ಸುಮ್ಮನೆ ಮನೆಯಲ್ಲಿ ಕುಳಿತ ನೆಂಟನ ತೋಟವೂ ಮನೆಯೂ ಜಪ್ತಿಗೆ ಒಳಗಾಗಬಹುದು. ಈ ತೊಡಕನ್ನು ತಪ್ಪಿಸಲೆಂದೇ 2008ರ ಕಾಯ್ದೆಯಡಿ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಎಂಬ ರೂಪ ಬಂದಿದೆ. ಅದರಲ್ಲಿ, ಮೋಸವೆಸಗದ ಹೊರತು, ಪಾಲುದಾರನ ನಷ್ಟ ಅವನು ಹಾಕಲೊಪ್ಪಿದ ಮೊತ್ತಕ್ಕೆ ನಿಲ್ಲುತ್ತದೆ. ಖಾಸಗಿ ಕಂಪನಿಯ ಷೇರುದಾರನಿಗೂ ಇದೇ ರಕ್ಷಣೆಯುಂಟು, ಅಲ್ಲಿ ಸದಸ್ಯರ ಸಂಖ್ಯೆ 200 ಮೀರಬಾರದು. ನೆಂಟರಿಂದ ಹಣ ಪಡೆಯುವವನು ಅವರ ಮೇಲಿನ ಪ್ರೀತಿಗಾದರೂ ಈ ಎರಡರಲ್ಲೊಂದು ರೂಪವನ್ನು ಆಯ್ದುಕೊಳ್ಳಬೇಕು.

ನೆಂಟರ ವಲಯ ದಾಟಿ ಊರವರ ಹಣಕ್ಕೆ ಕೈಚಾಚುವಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ‘ಒಂದು ಲಕ್ಷ ಕೊಡಿ, ತಿಂಗಳಿಗೆ ಎರಡು ಸಾವಿರ ಕೊಡುತ್ತೇನೆ, ಬೇಕೆಂದಾಗ ಅಸಲು ವಾಪಸ್ಸು’ ಎಂಬ ಮಾತು ಅಂಗಡಿ ಬೀದಿಯಲ್ಲಿ ಸರ್ವೇಸಾಮಾನ್ಯವಾದರೂ, 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ದೃಷ್ಟಿಯಲ್ಲಿ ಅನುಮತಿಯಿಲ್ಲದೆ ಇಂತಹ ಹಣವನ್ನು ಯೋಜನೆಯಾಗಿ ಸಂಗ್ರಹಿಸುವುದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಅದೇ ವರ್ಷ ಬೆಂಗಳೂರಿನ ಐಎಂಎ ಸಮೂಹ ಸಾವಿರಾರು ಕುಟುಂಬಗಳ ಉಳಿತಾಯವನ್ನು ಮುಳುಗಿಸಿದ್ದು ಕನ್ನಡ ನಾಡಿಗೆ ಮರೆತಿಲ್ಲ. ಠೇವಣಿದಾರರ ಹಿತರಕ್ಷಣೆಗೆ ಕರ್ನಾಟಕದ ಸ್ವಂತ 2004ರ ಕಾಯ್ದೆಯೂ ಇದೆ. 2019ರ ಕೇಂದ್ರ ಕಾಯ್ದೆಯು ನೆಂಟರಿಂದ ಪಡೆದ ಸಾಲ, ಪಾಲುದಾರರು ಹಾಕಿದ ಬಂಡವಾಳ, ಮಾರುವ ಸರಕಿಗೆ ಗಿರಾಕಿ ಕೊಟ್ಟ ಮುಂಗಡ, ವ್ಯಾಪಾರಿಗಳ ನಡುವಿನ ಉದ್ದರಿ ಇವುಗಳನ್ನು ಠೇವಣಿಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಪ್ರಾಮಾಣಿಕ ವ್ಯಾಪಾರಕ್ಕೆ ಅಷ್ಟು ದಾರಿ ಸಾಕು. ಖಾಸಗಿ ಕಂಪನಿಯಾದರೆ 2013ರ ಕಂಪನಿ ಕಾಯ್ದೆಯಂತೆ ಗೊತ್ತುಮಾಡಿಕೊಂಡ ವ್ಯಕ್ತಿಗಳಿಗೆ ಹೆಸರಿಟ್ಟು ಪತ್ರ ಕೊಟ್ಟು ಷೇರು ನೀಡಬಹುದು. ವರ್ಷಕ್ಕೆ 200 ಜನರ ಮಿತಿ, ಹಣ ಬ್ಯಾಂಕಿನ ಮೂಲಕ ಪ್ರತ್ಯೇಕ ಖಾತೆಗೆ ಬರಬೇಕು, 60 ದಿನಗಳೊಳಗೆ ಷೇರು ಹಂಚಿಕೆಯಾಗಬೇಕು, ಸಾರ್ವಜನಿಕ ಜಾಹೀರಾತು ಮಾತ್ರ ಸಲ್ಲದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ನಮ್ಮ ಕಂಪನಿಯ ಷೇರು ಕೊಳ್ಳಿರಿ’ ಎಂದು ಹರಿಯಬಿಡುವವರಿಗೆ ಈ ಕೊನೆಯ ನಿಯಮ ನೆನಪಿರುವಂತೆ ಕಾಣುವುದಿಲ್ಲ.

ಗಿರಾಕಿಯ ಮುಂಗಡ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಈ ಮೂರು ಊರುಗಳಲ್ಲಿ ನಿಜವಾಗಿ ಉದ್ಯಮ ನಡೆಸುತ್ತಿರುವ ಹಣದ ದೊಡ್ಡ ಭಾಗ ಅದೇ. ದೇವಸ್ಥಾನದ ಸಮಿತಿಯೊಂದು ಶಿಲ್ಪಿಗೆ ವಿಗ್ರಹದ ಕೆಲಸ ಒಪ್ಪಿಸುವಾಗ ಕಲ್ಲು ತರಿಸಲೆಂದು ಕೊಡುವ ಮೊದಲ ಕಂತು, ಮಂಡಿ ವರ್ತಕ ಹಂಗಾಮಿಗೆ ಮುಂಚೆ ಬೆಳೆಗಾರನಿಗೆ ಕೊಡುವ ಹಣ, ಕಾಫಿ ವ್ಯಾಪಾರಿ ತೋಟದವರಿಗೆ ಕೊಡುವ ಮುಂಗಡ, ಇವೆಲ್ಲ ಹೂಡಿಕೆಯ ಹೆಸರಿಲ್ಲದ ಹೂಡಿಕೆಗಳು. ಇದರ ಅನುಕೂಲ ಸ್ಪಷ್ಟ: ಸರಕು ಒಪ್ಪಿಸಿದ ದಿನ ಸಾಲ ತೀರುತ್ತದೆ, ಒಡೆತನದಲ್ಲಿ ಯಾರಿಗೂ ಪಾಲು ಹೋಗುವುದಿಲ್ಲ. ಅನನುಕೂಲ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಮುಂಗಡ ಪಡೆದವನು ಸರಕನ್ನು ಕೊಟ್ಟವನಿಗೇ ಮಾರಬೇಕಾಗುವುದರಿಂದ ಬಡ್ಡಿಯು ದರದೊಳಗೆ ಅಡಗಿಕೊಂಡು, ಕ್ವಿಂಟಲಿಗೆ ಕೆಲವು ನೂರು ರೂಪಾಯಿ ಕಡಿಮೆ ಸಿಕ್ಕಿದ್ದೇ ಆ ಹಣದ ಬೆಲೆಯಾಗುತ್ತದೆ. ದರ ಏರುತ್ತಿರುವ ವರ್ಷದಲ್ಲಿ ಈ ಬೆಲೆ ಯಾವ ಬ್ಯಾಂಕಿನ ಬಡ್ಡಿಯನ್ನೂ ಮೀರಿಸಬಹುದು. ಇದಕ್ಕೆ ಬದಲಾಗಿ ಕೊಬ್ಬರಿಯನ್ನು ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ದಾರಿಯಿದೆ: 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಉಗ್ರಾಣಗಳು ವಿದ್ಯುನ್ಮಾನ ರಸೀದಿ ನೀಡುತ್ತವೆ, ಅದನ್ನು ಒತ್ತೆಯಿಟ್ಟುಕೊಂಡು ಬ್ಯಾಂಕುಗಳು ಸಾಲ ಕೊಡುತ್ತವೆ, ರಾಜ್ಯದ ಮಾರುಕಟ್ಟೆ ಸಮಿತಿಗಳಲ್ಲಿಯೂ ಅಡಮಾನ ಸಾಲದ ವ್ಯವಸ್ಥೆಯಿದೆ. ಇನ್ನು, ಸರಕು ಕೊಟ್ಟ ಮೇಲೆ ದೊಡ್ಡ ಕಂಪನಿಗಳು ಹಣವನ್ನು ತಿಂಗಳುಗಟ್ಟಲೆ ಎಳೆದಾಡಿದರೆ ಸಣ್ಣ ಉದ್ಯಮವೇ ದೊಡ್ಡದಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಗುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಕೊಂಡವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸೇರುತ್ತದೆ. ಹೊಸ ಹೂಡಿಕೆದಾರನನ್ನು ಹುಡುಕುವ ಮೊದಲು ಬಾಕಿಯ ಪಟ್ಟಿ ತೆರೆದು ನೋಡಿದರೆ ಬೇಕಾದ ಬಂಡವಾಳದ ಅರ್ಧ ಅಲ್ಲಿಯೇ ಇರುವುದುಂಟು.

ತೆಂಗು ಬೆಳೆಗಾರರು ತಾವೇ ಕೂಡಿ ಉದ್ಯಮ ಕಟ್ಟುವುದಾದರೆ ಅದಕ್ಕೆ ಒದಗಿರುವ ರೂಪ ಉತ್ಪಾದಕರ ಕಂಪನಿ. ಸಹಕಾರ ಸಂಘದ ತತ್ತ್ವವನ್ನೂ ಕಂಪನಿಯ ಶಿಸ್ತನ್ನೂ ಬೆರೆಸಿ 2003ರಲ್ಲಿ ಜಾರಿಗೆ ಬಂದ ಈ ರೂಪದಲ್ಲಿ ಕನಿಷ್ಠ ಹತ್ತು ಜನ ಉತ್ಪಾದಕರು ಸೇರಿದರೆ ಕಂಪನಿ ಸ್ಥಾಪಿಸಬಹುದು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿದ ಸಹಕಾರಿ ಪತ್ತಿನ ಸಂಘದ ವಂಶದ್ದೇ ಇದು ಎನ್ನಲಡ್ಡಿಯಿಲ್ಲ, ಏಕೆಂದರೆ ಇಲ್ಲಿಯೂ ಷೇರು ಎಷ್ಟೇ ಇರಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಷೇರು ಉತ್ಪಾದಕರಿಗೆ ಮಾತ್ರ ಮೀಸಲಾದುದರಿಂದ ಬೆಂಗಳೂರಿನ ಹಣವಂತನೊಬ್ಬ ಇದರ ಒಡೆಯನಾಗಲಾರ. ಇದು ಇದರ ರಕ್ಷಣೆಯೂ ಹೌದು, ಕಟ್ಟುಪಾಡೂ ಹೌದು, ಏಕೆಂದರೆ ಎಣ್ಣೆ ಗಾಣಕ್ಕೋ ಶೀತಲಗೃಹಕ್ಕೋ ಕೋಟಿ ರೂಪಾಯಿ ಬೇಕಾದಾಗ ಸದಸ್ಯರ ಸಾವಿರ ಎರಡು ಸಾವಿರದ ಷೇರುಗಳು ಸಾಲುವುದಿಲ್ಲ. ಈ ಕೊರತೆ ತುಂಬಲು ಕೇಂದ್ರ ಸರ್ಕಾರದ 2020ರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ, ರೈತರು ಹಾಕಿದಷ್ಟೇ ಮೊತ್ತವನ್ನು, ಸದಸ್ಯನಿಗೆ 2,000 ರೂಪಾಯಿಯಂತೆ ಸಂಸ್ಥೆಗೆ 15 ಲಕ್ಷದವರೆಗೆ, ಸಮಪಾಲು ಅನುದಾನವಾಗಿ ಕೊಡುವ ಏರ್ಪಾಡಾಯಿತು. 15 ಲಕ್ಷವನ್ನು ಪೂರ್ತಿ ಪಡೆಯಬೇಕಾದರೆ ತಲಾ 2,000 ಹಾಕುವ 750 ಸದಸ್ಯರು ಬೇಕು; ಅಷ್ಟು ಜನರನ್ನು ಸೇರಿಸುವುದಕ್ಕಿಂತ ಸೇರಿದವರು ಹಂಗಾಮಿನಲ್ಲಿ ಹೊರಗಿನ ಮಂಡಿಗೆ ಹೋಗದೆ ಸಂಸ್ಥೆಗೇ ಕಾಯಿ ಹಾಕುವಂತೆ ನೋಡಿಕೊಳ್ಳುವುದು ಕಷ್ಟ, ಮತ್ತು ಸಾಲ ಕೊಡುವ ಬ್ಯಾಂಕು ನೋಡಬೇಕಾದದ್ದು ಅದನ್ನೇ.

ಬೇಲೂರು ಹಳೇಬೀಡುಗಳಲ್ಲಿ ಹೂಡಿಕೆಯ ಮಾತು ಬೇರೆ ದಿಕ್ಕು ಹಿಡಿಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೋಮ್‌ಸ್ಟೇ, ಊಟದ ಮನೆ, ಕರಕುಶಲ ಮಳಿಗೆಗಳ ಆಸೆ ಚಿಗುರಿರುವುದು ಸಹಜ, ಹೊರಗಿನ ಹಣವೂ ಇತ್ತ ತಿರುಗಿ ನೋಡುವುದು ಸಹಜ. ಆದರೆ ಇಲ್ಲಿ ಹೂಡಿಕೆದಾರನ ಮೊದಲ ಪ್ರಶ್ನೆ ಲಾಭದ ಬಗೆಗಲ್ಲ, ನಿವೇಶನದ ಬಗೆಗೆ ಇರಬೇಕು. ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗಿನ ಜಾಗ ನಿಷೇಧಿತ ವಲಯ, ಅಲ್ಲಿ ಹೊಸ ಕಟ್ಟಡ ಎಬ್ಬಿಸುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ ಪಡೆಯಬೇಕು. ದೇಗುಲದ ಗೋಪುರ ಕಾಣುವ ಮಹಡಿಯ ಕೋಣೆಗಳೆಂದು ಬಣ್ಣಿಸಿ ಪಾಲುದಾರರನ್ನು ಕರೆಯುವ ಯೋಜನೆ ಈ ಮುನ್ನೂರು ಮೀಟರಿನೊಳಗೆ ಬಿದ್ದಿದೆಯೇ ಎಂದು ಅಳೆದು ನೋಡದೆ ಹಣ ಹಾಕಿದವನು ಕಟ್ಟಡದ ಬದಲು ಕಡತವನ್ನು ಪಡೆದಾನು. ಇರುವ ಮನೆಯ ಎರಡು ಕೋಣೆಗಳನ್ನೇ ಅಚ್ಚುಕಟ್ಟು ಮಾಡಿ, ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿ ಹಾಕಿ ನಡೆಸುವ ಹೋಮ್‌ಸ್ಟೇಗೆ ಹೂಡಿಕೆದಾರನ ಅಗತ್ಯವೇ ಇಲ್ಲ. ಅಷ್ಟಕ್ಕೆ ಅಡಮಾನ ಬೇಡದ ಮುದ್ರಾ ಸಾಲ ಸಾಕು.

ಬೇಲೂರಿನ ಇನ್ನೊಂದು ಮಗ್ಗುಲಾದ ಕಾಫಿಯಲ್ಲಿ ಹೂಡಿಕೆಯ ಕಥೆ ದೊಡ್ಡದು. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಿ ಕಂತುಕಂತಾಗಿ ಹಣ ಪಡೆಯಬೇಕಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಮಾರಾಟ ಮುಕ್ತವಾದ ಮೇಲಷ್ಟೇ ತೋಟದವರು ಹುರಿದು, ಪುಡಿಮಾಡಿ, ತಮ್ಮ ಹೆಸರಿನಲ್ಲಿ ಮಾರುವ ಉದ್ಯಮಗಳಿಗೆ ನಿಜವಾದ ಅವಕಾಶ ದೊರೆಯಿತು. ಬೇಲೂರಿನ ನೆರೆಯ ಚಿಕ್ಕಮಗಳೂರಿನ ಕಾಫಿ ಮನೆತನದ ವಿ. ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಮಳಿಗೆ ಬೆಳೆದು, ಖಾಸಗಿ ಹೂಡಿಕೆ ನಿಧಿಗಳ ಹಣ ಪಡೆದು, 2015ರಲ್ಲಿ ಸಾರ್ವಜನಿಕರಿಗೆ ಷೇರು ನೀಡುವಷ್ಟಾಯಿತು. 2019ರ ಜುಲೈನಲ್ಲಿ ಅವರ ಸಾವಿನ ಸಂದರ್ಭದಲ್ಲಿ ಹೊರಬಂದ, ಅವರದೆನ್ನಲಾದ ಪತ್ರದಲ್ಲಿ ಸಾಲ ಕೊಟ್ಟವರ ಒತ್ತಡದ ಜೊತೆಗೆ ಷೇರುಗಳನ್ನು ಮರಳಿ ಕೊಳ್ಳುವಂತೆ ಹೂಡಿಕೆ ಪಾಲುದಾರರೊಬ್ಬರು ಹೇರಿದ ಒತ್ತಡದ ಮಾತೂ ಇತ್ತು. ಷೇರಿನ ಹಣಕ್ಕೆ ಗಡುವಿಲ್ಲವೆಂದು ಮೇಲೆ ಹೇಳಿದ ಮಾತಿಗೆ ಇಲ್ಲಿ ಒಂದು ತಿದ್ದುಪಡಿ ಬೇಕು. ಹೂಡಿಕೆ ನಿಧಿಗಳು ತಾವೇ ಬೇರೆಯವರ ಹಣವನ್ನು ಏಳು ಹತ್ತು ವರ್ಷಗಳ ಅವಧಿಗೆ ತಂದಿರುತ್ತವೆ. ಆ ಅವಧಿ ಮುಗಿಯುವುದರೊಳಗೆ ಪಾಲು ಮಾರಿ ಹೊರಡಲೇಬೇಕಾದುದರಿಂದ, ಇಂತಿಷ್ಟು ವರ್ಷಗಳಲ್ಲಿ ಇಂತಿಷ್ಟು ಬೆಲೆಗೆ ಸ್ಥಾಪಕನೇ ಷೇರನ್ನು ಕೊಳ್ಳಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸುತ್ತವೆ. ಅಂತಹ ಷರತ್ತಿರುವ ಪಾಲು ಹೆಸರಿಗೆ ಪಾಲು, ಸ್ವಭಾವದಲ್ಲಿ ಸಾಲ. ಒಪ್ಪಂದ ಓದುವಾಗ ಎಷ್ಟು ಹಣ ಬರುತ್ತದೆ ಎಂಬ ಪುಟಕ್ಕಿಂತ ಹೂಡಿಕೆದಾರ ಹೇಗೆ ಹೊರಹೋಗುತ್ತಾನೆ ಎಂಬ ಪುಟವನ್ನು ಮೊದಲು ಓದುವುದು ಒಳಿತು.

ಏಂಜೆಲ್ ಹೂಡಿಕೆದಾರರು, ಎಂದರೆ ಎಳೆಯ ಉದ್ಯಮಗಳಿಗೆ ಸ್ವಂತ ಹಣ ಹಾಕುವ ಸಿರಿವಂತರು, ಮತ್ತು ವೆಂಚರ್ ಬಂಡವಾಳ ನಿಧಿಗಳು ಪತ್ರಿಕೆಗಳಲ್ಲಿ ಕಾಣುವಷ್ಟು ನಮ್ಮ ತಾಲ್ಲೂಕುಗಳಲ್ಲಿ ಕಾಣುವುದಿಲ್ಲ, ಅದಕ್ಕೆ ಕಾರಣವೂ ಇದೆ. ಹತ್ತು ಕಡೆ ಹಾಕಿದ ಹಣದಲ್ಲಿ ಏಳೆಂಟು ಮುಳುಗಿ ಒಂದೆರಡು ಹತ್ತಾರು ಪಟ್ಟು ಬೆಳೆಯಲಿ ಎಂಬ ಲೆಕ್ಕದವರು ಅವರು. ವರ್ಷಕ್ಕೆ ನೂರಕ್ಕೆ ಹದಿನೈದರಂತೆ ನೆಮ್ಮದಿಯಾಗಿ ಬೆಳೆಯುವ ನಾರಿನ ಘಟಕ ಅವರ ಕಣ್ಣಿಗೆ ಬೀಳುವುದಿಲ್ಲ, ಬೀಳದಿದ್ದರೆ ಘಟಕಕ್ಕೇನೂ ನಷ್ಟವಿಲ್ಲ. ಹೊಸ ತಂತ್ರಜ್ಞಾನದ ಅಂಶವಿದ್ದು ರಾಜ್ಯದಾಚೆಗೂ ಹರಡಬಲ್ಲ ಉದ್ಯಮವಾದರೆ ಕರ್ನಾಟಕ ಸರ್ಕಾರದ ‘ಎಲಿವೇಟ್’ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನಕ್ಕೆ ಸ್ಪರ್ಧಿಸಬಹುದು. ಉಳಿದವರಿಗೆ ಸಾಲ ಮತ್ತು ಸಹಾಯಧನದ ದಾರಿಗಳೇ ಹತ್ತಿರ. ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ 10 ಲಕ್ಷದವರೆಗೆ, ಹಿಂದಿನ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಸಾಲ ಸಿಗುತ್ತದೆ. ಕಿರು ಆಹಾರ ಸಂಸ್ಕರಣಾ ಘಟಕಗಳ ಕೇಂದ್ರ ಯೋಜನೆಯಲ್ಲಿ ಯೋಜನಾ ವೆಚ್ಚದ ನೂರಕ್ಕೆ 35ರಷ್ಟು, ಗರಿಷ್ಠ 10 ಲಕ್ಷ ಸಹಾಯಧನವಿದ್ದು, ಕರ್ನಾಟಕ ಅದಕ್ಕೆ ತನ್ನ ನೂರಕ್ಕೆ 15ನ್ನು ಸೇರಿಸಿದ್ದರಿಂದ ಒಟ್ಟು 50ರಷ್ಟು, ಗರಿಷ್ಠ 15 ಲಕ್ಷದವರೆಗೆ ಆಗಿದೆ. ಎಣ್ಣೆ ಗಾಣ, ಕೊಬ್ಬರಿ ಪುಡಿ, ಕಾಫಿ ಹುರಿಯುವ ಘಟಕಗಳು ವಿಚಾರಿಸಿ ನೋಡಬೇಕಾದ ಯೋಜನೆ ಇದು. ಅಡಮಾನವಿಡಲು ಆಸ್ತಿಯಿಲ್ಲದವರ ಸಾಲಕ್ಕೆ ಬ್ಯಾಂಕಿಗೆ ಖಾತರಿ ನೀಡುವ ನಿಧಿಯೂ 2000ದಿಂದಲೇ ಇದೆ, ಅದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ.

ಹಣ ಯಾರದ್ದೇ ಆಗಲಿ, ಕೊಡುವವನು ನೋಡುವ ಕಾಗದಗಳು ಹೆಚ್ಚು ಕಡಿಮೆ ಒಂದೇ: ಮೂರು ವರ್ಷದ ಲೆಕ್ಕಪತ್ರ ಮತ್ತು ಆದಾಯ ತೆರಿಗೆ ವಿವರ, ಜಿಎಸ್‌ಟಿ ಇದ್ದರೆ ಅದರ ವಿವರ, ಬ್ಯಾಂಕ್ ಖಾತೆಯ ಹಾಳೆಗಳು, ಜಾಗದ ಹಕ್ಕುಪತ್ರ ಅಥವಾ ಬಾಡಿಗೆ ಕರಾರು, ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪರವಾನಗಿ. ಮನೆಯ ಖರ್ಚೂ ಅಂಗಡಿಯ ಖರ್ಚೂ ಒಂದೇ ಖಾತೆಯಲ್ಲಿ ಹರಿದಾಡುವ, ತೆರಿಗೆ ಉಳಿಸಲೆಂದು ಅರ್ಧ ವ್ಯಾಪಾರವನ್ನು ಕೈಚೀಟಿಯಲ್ಲಿ ನಡೆಸುವ ಉದ್ಯಮಕ್ಕೆ ಹೂಡಿಕೆದಾರ ಸಿಗದಿದ್ದರೆ ಅದನ್ನು ದುರದೃಷ್ಟವೆನ್ನಲಾಗದು. ಕಾಗದದ ಮೇಲೆ ಇಲ್ಲದ ಲಾಭಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಲೆಕ್ಕದ ಜೊತೆಗೆ ವರ್ಷದ ಯಾವ ತಿಂಗಳಲ್ಲಿ ಹಣ ಹೊರಹೋಗುತ್ತದೆ, ಯಾವ ತಿಂಗಳಲ್ಲಿ ಒಳಬರುತ್ತದೆ ಎಂಬ ಒಂದು ಹಾಳೆಯ ಪಟ್ಟಿ ಮಾಡಿಟ್ಟುಕೊಂಡರೆ, ಕಂತಿನ ದಿನಾಂಕವನ್ನು ಕೊಬ್ಬರಿ ಮಾರಾಟದ ತಿಂಗಳಿಗೋ ಕಾಫಿ ಕೊಯ್ಲಿನ ತಿಂಗಳಿಗೋ ಹೊಂದಿಸಿ ಕೊಡುವಂತೆ ಬ್ಯಾಂಕಿನ ವ್ಯವಸ್ಥಾಪಕರನ್ನು ಕೇಳಲು ಆಧಾರ ದೊರೆಯುತ್ತದೆ. ಹೂಡಿಕೆದಾರನ ಆಯ್ಕೆಯಲ್ಲಿಯೂ ಅದೇ ಹಾಳೆ ನೆರವಿಗೆ ಬರುತ್ತದೆ: ಹಣವಷ್ಟೇ ಇದ್ದು ತೆಂಗಿನ ಕಾಲಮಾನ ಅರಿಯದ ದೂರದ ಹೂಡಿಕೆದಾರನಿಗಿಂತ, ಅಟ್ಟದ ಕಾಯುವಿಕೆಯನ್ನು ಬಲ್ಲ ಹಳೆಯ ಮಂಡಿ ವರ್ತಕನನ್ನು, ಬಾಯಿಮಾತಿನ ಮುಂಗಡದ ಬದಲು ಬರಹದ ಪಾಲಿಗೆ ಒಪ್ಪಿಸುವುದು ಅರಸೀಕೆರೆಯ ಘಟಕಕ್ಕೆ ಹೆಚ್ಚು ಕ್ಷೇಮ.

ಈ ಸೌಲಭ್ಯಗಳಲ್ಲಿ ಹಲವಕ್ಕೆ, ತಡವಾದ ಪಾವತಿಯ ಮೇಲಿನ ಬಡ್ಡಿಯ ಹಕ್ಕಿಗೂ ಸೇರಿ, ‘ಉದ್ಯಮ್’ ನೋಂದಣಿ ಬಾಗಿಲಿದ್ದಂತೆ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳಿದ್ದರೆ ಸರ್ಕಾರದ ತಾಣದಲ್ಲಿ ಯಾರು ಬೇಕಾದರೂ ಮಾಡಿಕೊಳ್ಳಬಹುದು, ತಿಳಿಯದಿದ್ದರೆ ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಅದಕ್ಕೆ ಶುಲ್ಕವಿಲ್ಲ, ಸಾವಿರ ಎರಡು ಸಾವಿರ ಕೇಳುವ ಮಧ್ಯವರ್ತಿಗಳಿಗೆ ಓದುಗರು ಹಣ ಕೊಡಬೇಕಾಗಿಲ್ಲ.